ಯುದ್ಧ ಹೂಡಿದ ದೇಶದಿಂದ ಕಂಪನಿ ಹೊರಬರುವ ದಾರಿಗಳು: ಒಂದು ಹೋಲಿಕೆ

2022ರ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. 27ರಂದು ಬ್ರಿಟನ್ನಿನ ತೈಲ ಕಂಪನಿ ಬಿಪಿ, ರಷ್ಯಾದ ಸರ್ಕಾರಿ ತೈಲ ಕಂಪನಿ ರಾಸ್‌ನೆಫ್ಟ್‌ನಲ್ಲಿದ್ದ ತನ್ನ ಶೇ 19.75ರಷ್ಟು ಪಾಲನ್ನು ಬಿಡುವುದಾಗಿ ಹೇಳಿತು; ಮರುದಿನ ಇನ್ನೊಂದು ತೈಲ ಕಂಪನಿ ಶೆಲ್ ರಷ್ಯಾದಲ್ಲಿನ ತನ್ನ ಪಾಲುಗಳ ಬಗ್ಗೆ ಅದೇ ಮಾತು ಹೇಳಿತು; ಎರಡು ವಾರ ತುಂಬುವಷ್ಟರಲ್ಲಿ ಐಕಿಯಾ ಮತ್ತು ಮೆಕ್‌ಡೊನಾಲ್ಡ್ಸ್ ಬಾಗಿಲು ಹಾಕುವ ನಿರ್ಧಾರ ಪ್ರಕಟಿಸಿದ್ದವು. ಯೇಲ್ ವಿಶ್ವವಿದ್ಯಾಲಯದ ಜೆಫ್ರಿ ಸೊನ್ನೆನ್‌ಫೆಲ್ಡ್ ಅವರ ತಂಡವು ಸಿದ್ಧಪಡಿಸಿದ ಪಟ್ಟಿಯ ಪ್ರಕಾರ ರಷ್ಯಾದಲ್ಲಿ ವ್ಯವಹಾರವನ್ನು ನಿಲ್ಲಿಸಿದ ಅಥವಾ ಕುಗ್ಗಿಸಿದ ಕಂಪನಿಗಳ ಸಂಖ್ಯೆ ಸಾವಿರ ದಾಟಿತ್ತು. ಆದರೆ ಅದೇ ವರ್ಷದ ನವೆಂಬರ್ ಕೊನೆಯವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸೈಮನ್ ಎವೆನೆಟ್ ಮತ್ತು ನಿಕೊಲೊ ಪಿಸಾನಿ ಎಂಬ ಸ್ವಿಟ್ಜರ್ಲೆಂಡಿನ ಪ್ರಾಧ್ಯಾಪಕರು, ಯುರೋಪಿನ ಒಕ್ಕೂಟಕ್ಕೂ ಜಿ7 ಗುಂಪಿಗೂ ಸೇರಿದ ದೇಶಗಳ 1,404 ಕಂಪನಿಗಳಲ್ಲಿ ರಷ್ಯಾದ ಒಂದಾದರೂ ಅಂಗಸಂಸ್ಥೆಯನ್ನು ಕೈಬಿಟ್ಟವು ಶೇ 8.5 ಮಾತ್ರ ಎಂದರು. ಎರಡು ತಂಡಗಳ ನಡುವೆ ಬಹಿರಂಗವಾಗಿಯೇ ಜಟಾಪಟಿ ನಡೆಯಿತು.

ನನ್ನ ಓದಿನಲ್ಲಿ ಇಬ್ಬರ ಲೆಕ್ಕವೂ ತಪ್ಪಲ್ಲ. ಒಬ್ಬರು ಘೋಷಣೆಯನ್ನೂ ವ್ಯಾಪಾರದ ಕಡಿತವನ್ನೂ ಎಣಿಸಿದರು, ಇನ್ನೊಬ್ಬರು ಒಡೆತನ ಕೈಬದಲಾಯಿತೇ ಎಂದು ನೋಡಿದರು. ಅಂಗಡಿಯ ಬಾಗಿಲು ಹಾಕುವುದು, ಹೊಸ ಬಂಡವಾಳ ನಿಲ್ಲಿಸುವುದು, ಕಾರ್ಖಾನೆಯನ್ನು ಮಾರುವುದು, ಪಾಲನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕುವುದು – ಇವೆಲ್ಲವನ್ನೂ ‘ಹೊರಬಂದೆವು’ ಎಂಬ ಒಂದೇ ಮಾತು ಮುಚ್ಚಿಡುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಯೋಚಿಸುತ್ತಿರುವ ಆಡಳಿತ ಮಂಡಳಿಗೂ, ಆ ಮಂಡಳಿಯನ್ನು ಪ್ರಶ್ನಿಸಬೇಕಾದ ಷೇರುದಾರರು ಮತ್ತು ನೌಕರರಿಗೂ ನೆರವಾಗಲೆಂದು ಈ ಹೋಲಿಕೆ. ನಿರ್ಬಂಧಗಳ ಕಾನೂನು ನೇರವಾಗಿ ನಿಷೇಧಿಸಿದ ವ್ಯವಹಾರದಲ್ಲಿ ಆಯ್ಕೆಯೇ ಇಲ್ಲದಿರುವುದರಿಂದ ಅದನ್ನು ಇಲ್ಲಿ ಚರ್ಚಿಸಿಲ್ಲ. ಕಾನೂನು ‘ಮಾಡಬಹುದು’ ಎಂದು ಬಿಟ್ಟಿರುವ ಜಾಗದಲ್ಲಿ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಆಯ್ಕೆಗೆ ಮುನ್ನ ನೋಡಬೇಕಾದದ್ದು

ದಾರಿಗಳನ್ನು ತೂಗುವಾಗ ಹೆಚ್ಚಿನ ಕಂಪನಿಗಳು ಮೊದಲು ಕೇಳಿಕೊಳ್ಳುವುದು ‘ನಮಗೆ ಎಷ್ಟು ನಷ್ಟ’ ಎಂದು. ಅದು ಬೇಕಾದ ಪ್ರಶ್ನೆಯೇ, ಆದರೆ ಮೊದಲಿನದಲ್ಲ. ನಾವು ಹೋದ ಮೇಲೆ ಅಲ್ಲಿ ಏನು ಉಳಿಯುತ್ತದೆ, ಅದು ಯಾರ ಕೈಯಲ್ಲಿ ಓಡುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಉಳಿಯುವುದು ಬರಿಯ ಬಾಡಿಗೆ ಕಟ್ಟಡ ಮತ್ತು ಕುರ್ಚಿಗಳಾದರೆ ಒಂದು ಉತ್ತರ, ಸೇನೆಗೂ ಉಪಯೋಗಕ್ಕೆ ಬರಬಲ್ಲ ಯಂತ್ರಗಳಾದರೆ ಬೇರೆ ಉತ್ತರ, ಕೋಟ್ಯಂತರ ಜನರ ದೂರವಾಣಿ ಕರೆಗಳ ದಾಖಲೆಯಾದರೆ ಇನ್ನೊಂದೇ ಉತ್ತರ. ಇದರ ಜೊತೆಗೆ, ಅಲ್ಲಿ ಗಳಿಸುವ ಲಾಭದಿಂದ ಎಷ್ಟು ತೆರಿಗೆ ಆ ಸರ್ಕಾರದ ಖಜಾನೆಗೆ ಹೋಗುತ್ತಿದೆ, ಉಳಿದ ಲಾಭವನ್ನು ದೇಶದ ಹೊರಗೆ ತರಲು ಅನುಮತಿ ಇದೆಯೇ ಎಂಬುದನ್ನು ತಿಳಿಯಬೇಕು. ರಷ್ಯಾದಲ್ಲಿ ಕಂಪನಿಗಳ ಲಾಭದ ಮೇಲಿನ ತೆರಿಗೆ ಶೇ 20 ಇದ್ದದ್ದು 2025ರ ಆರಂಭದಿಂದ ಶೇ 25 ಆಗಿದೆ. ‘ಸ್ನೇಹಪರವಲ್ಲದ’ ಎಂದು ಅಲ್ಲಿನ ಸರ್ಕಾರ ಗುರುತಿಸಿದ ದೇಶಗಳ ಕಂಪನಿಗಳಿಗೆ ಲಾಭಾಂಶವನ್ನು ಹೊರಗೆ ಕಳುಹಿಸಲು ಸರ್ಕಾರದ ಒಪ್ಪಿಗೆ ಬೇಕು. ಅಂದರೆ ತೆರಿಗೆ ಖಚಿತವಾಗಿ ಹೋಗುತ್ತದೆ, ಲಾಭ ಬರುವುದು ಖಚಿತವಿಲ್ಲ.

2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ, ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ತ್ವಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅವು ‘ತಕ್ಷಣ ಹೊರಡಿ’ ಎಂದೂ ಹೇಳುವುದಿಲ್ಲ, ‘ಇದ್ದುಬಿಡಿ’ ಎಂದೂ ಹೇಳುವುದಿಲ್ಲ. ಹಾನಿಯನ್ನು ತಡೆಯುವ ಪ್ರಭಾವ ಕಂಪನಿಗೆ ಇದೆಯೇ, ಇಲ್ಲದಿದ್ದರೆ ಸಂಬಂಧ ಕಡಿದುಕೊಳ್ಳುವುದರಿಂದ ಆಗುವ ಹಾನಿ ಏನು ಎಂದು ಎರಡನ್ನೂ ಅಳೆಯಲು ಹೇಳುತ್ತವೆ. ಈ ಎರಡನೆಯ ಅರ್ಧವನ್ನು ಉಳಿಯಲು ನೆಪ ಹುಡುಕುವವರು ಜೋರಾಗಿ ಓದುತ್ತಾರೆ, ಮೊದಲ ಅರ್ಧವನ್ನು ನುಂಗಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಬೇಕು.

ತಾತ್ಕಾಲಿಕ ಸ್ಥಗಿತ

ಎಲ್ಲಕ್ಕಿಂತ ಸುಲಭವಾಗಿ ಕೈಗೆಟುಕುವ ದಾರಿ ಇದು. ಮೆಕ್‌ಡೊನಾಲ್ಡ್ಸ್ 2022ರ ಮಾರ್ಚ್ 8ರಂದು ರಷ್ಯಾದಲ್ಲಿದ್ದ ಸುಮಾರು 850 ರೆಸ್ಟೋರೆಂಟ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚುವುದಾಗಿ ಹೇಳಿತು; 62,000 ನೌಕರರಿಗೆ ಸಂಬಳ ಕೊಡುತ್ತಲೇ ಇತ್ತು. ಬಾಡಿಗೆ, ಸಂಬಳ, ಸರಬರಾಜುದಾರರ ಬಾಕಿ ಸೇರಿ ಇದಕ್ಕೆ ತಿಂಗಳಿಗೆ ಸುಮಾರು 5 ಕೋಟಿ ಡಾಲರ್ ತಗಲುತ್ತದೆ ಎಂದು ಕಂಪನಿಯೇ ಅಂದಾಜಿಸಿತ್ತು. ಮೇ 16ಕ್ಕೆ ಅದು ಸ್ಥಗಿತವನ್ನು ಬಿಟ್ಟು ಮಾರಾಟದ ದಾರಿ ಹಿಡಿಯಿತು.

ಸ್ಥಗಿತದಿಂದ ಸಿಗುವುದು ಸಮಯ ಮಾತ್ರ. ಯುದ್ಧ ಎರಡು ತಿಂಗಳಲ್ಲಿ ಮುಗಿಯಬಹುದು ಎಂಬ ನಿರೀಕ್ಷೆ ಇದ್ದಾಗ ಆ ಸಮಯಕ್ಕೆ ಬೆಲೆ ಇತ್ತು. ಯುದ್ಧ ಉದ್ದವಾದಂತೆ ಅದೇ ಸಮಯವು ಕಂಪನಿಯ ವಿರುದ್ಧ ಕೆಲಸ ಮಾಡತೊಡಗುತ್ತದೆ: ಅತ್ತ ಖರ್ಚು ನಿಲ್ಲುವುದಿಲ್ಲ, ಇತ್ತ ಹೊರಹೋಗುವ ನಿಯಮಗಳು ಬಿಗಿಯಾಗುತ್ತಾ ಹೋಗುತ್ತವೆ. ಆದ್ದರಿಂದ ಸ್ಥಗಿತವನ್ನು ಆರಿಸುವ ಮಂಡಳಿಯು ಅದೇ ನಿರ್ಣಯದೊಳಗೆ ಕೊನೆಯ ದಿನಾಂಕವನ್ನೂ ಬರೆಯಬೇಕು. ‘ಪರಿಸ್ಥಿತಿಯನ್ನು ಗಮನಿಸುತ್ತೇವೆ’ ಎಂಬ ವಾಕ್ಯವುಳ್ಳ ನಿರ್ಣಯ, ನನ್ನ ಅಭಿಪ್ರಾಯದಲ್ಲಿ, ನಿರ್ಣಯವೇ ಅಲ್ಲ.

‘ಹೊಸ ಬಂಡವಾಳ ಹೂಡುವುದಿಲ್ಲ, ಜಾಹೀರಾತು ಕೊಡುವುದಿಲ್ಲ’ ಎಂಬುದು ಇದರ ಇನ್ನೂ ತೆಳುವಾದ ರೂಪ. ಹಳೆಯ ಕಾರ್ಖಾನೆ ಓಡುತ್ತಿರುತ್ತದೆ, ಮಾರಾಟ ನಡೆಯುತ್ತಿರುತ್ತದೆ, ತೆರಿಗೆಯೂ ಕಟ್ಟುತ್ತಿರುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಇದು ಉಳಿಯುವ ದಾರಿಯೇ, ಹೆಸರು ಮಾತ್ರ ಬೇರೆ.

ಮಾರಾಟ

ಹೆಚ್ಚು ಕಂಪನಿಗಳು ನಡೆದದ್ದೂ ಹೆಚ್ಚು ಎಡವಿದ್ದೂ ಈ ದಾರಿಯಲ್ಲೇ ಆದ್ದರಿಂದ ಇದನ್ನು ಬಿಡಿಸಿ ನೋಡಬೇಕು. ಮಾರಾಟದೊಳಗೆ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಯಾವಾಗ ಮಾರುವುದು, ಯಾರಿಗೆ ಮಾರುವುದು, ಮರಳಿ ಕೊಳ್ಳುವ ಹಕ್ಕನ್ನು ಇಟ್ಟುಕೊಳ್ಳುವುದೇ.

ಮೊದಲು ಸಮಯ. ಫ್ರಾನ್ಸಿನ ಸೊಸೈಟೆ ಜೆನೆರಾಲ್ ಬ್ಯಾಂಕ್ ರಷ್ಯಾದಲ್ಲಿದ್ದ ತನ್ನ ರಾಸ್‌ಬ್ಯಾಂಕ್ ಅನ್ನು ಅಲ್ಲಿನ ಉದ್ಯಮಿ ವ್ಲಾಡಿಮಿರ್ ಪೊಟಾನಿನ್ ಅವರ ಇಂಟರ್‌ರಾಸ್ ಗುಂಪಿಗೆ ಮಾರುವ ಒಪ್ಪಂದವನ್ನು 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿ ಮೇ ತಿಂಗಳಲ್ಲೇ ಮುಗಿಸಿತು. ಸುಮಾರು 300 ಕೋಟಿ ಯೂರೊ ಪೆಟ್ಟು ಬಿತ್ತು. ಆಗ ಅದು ದುಬಾರಿ ಆತುರ ಎಂದು ಕಂಡಿದ್ದಿರಬಹುದು. ಆದರೆ ಆಗಸ್ಟ್ 5ರಂದು ರಷ್ಯಾದ ಅಧ್ಯಕ್ಷರ ಆದೇಶವೊಂದು, ‘ಸ್ನೇಹಪರವಲ್ಲದ’ ದೇಶಗಳವರು ಬ್ಯಾಂಕುಗಳಲ್ಲಿಯೂ ಇಂಧನ ಕ್ಷೇತ್ರದಲ್ಲಿಯೂ ಹೊಂದಿರುವ ಪಾಲುಗಳನ್ನು ವಿಶೇಷ ಅನುಮತಿ ಇಲ್ಲದೆ ಮಾರುವುದನ್ನು ನಿಷೇಧಿಸಿತು. ಬಾಗಿಲು ಮುಚ್ಚುವ ಮೊದಲು ದಾಟಿದವರಿಗೂ ಹೊಸ್ತಿಲಲ್ಲಿ ಸಿಕ್ಕಿಕೊಂಡವರಿಗೂ ಇದ್ದ ಅಂತರ ಕೆಲವೇ ವಾರಗಳದು.

ಉಳಿದ ಕ್ಷೇತ್ರಗಳಲ್ಲಿ ಬಾಗಿಲು ಮುಚ್ಚಲಿಲ್ಲ, ಸುಂಕ ಏರಿತು. ಸರ್ಕಾರದ ಉಪಸಮಿತಿಯ ಒಪ್ಪಿಗೆ ಪಡೆಯಬೇಕಾದರೆ ಮಾರುಕಟ್ಟೆ ಮೌಲ್ಯಕ್ಕಿಂತ ಕನಿಷ್ಠ ಅರ್ಧದಷ್ಟು ಕಡಿಮೆ ಬೆಲೆಗೆ ಮಾರಬೇಕು, ಅದರ ಮೇಲೆ ಖಜಾನೆಗೆ ‘ಸ್ವಯಂಪ್ರೇರಿತ ಕೊಡುಗೆ’ ಎಂಬ ಹೆಸರಿನ ಮೊತ್ತವೊಂದು ಸಂದಾಯವಾಗಬೇಕು ಎಂಬ ಷರತ್ತು 2022ರ ಕೊನೆಗೆ ಬಂತು. ಸ್ವಯಂಪ್ರೇರಣೆ ಎಂಬ ಪದಕ್ಕೆ ಇಷ್ಟು ಕಷ್ಟ ಕೊಟ್ಟ ಉದಾಹರಣೆ ಇನ್ನೊಂದು ಸಿಗಲಾರದು. ಆ ಕೊಡುಗೆ 2023ರಲ್ಲಿ ಮಾರುಕಟ್ಟೆ ಮೌಲ್ಯದ ಶೇ 15ಕ್ಕೆ, 2024ರ ಅಕ್ಟೋಬರಿನಲ್ಲಿ ಶೇ 35ಕ್ಕೆ ಏರಿತು. ಕಡ್ಡಾಯ ರಿಯಾಯಿತಿಯೂ ಶೇ 60 ಆಯಿತು. ಲೆಕ್ಕ ಹಾಕಿ ನೋಡಿದರೆ, 100 ರೂಬಲ್ ಬೆಲೆಬಾಳುವ ಕಾರ್ಖಾನೆ ಹೆಚ್ಚೆಂದರೆ 40ಕ್ಕೆ ಮಾರಾಟವಾಗುತ್ತದೆ, ಖಜಾನೆಗೆ 35 ಹೋಗುತ್ತದೆ. ಆ 35ನ್ನು ಯಾರ ಕೈಯಿಂದ ಕಟ್ಟಿಸಿದರೂ ಅದು ಅದೇ ವ್ಯವಹಾರದ ಮೌಲ್ಯದಿಂದಲೇ ಹೋಗುವ ಹಣ. ಯುದ್ಧಕ್ಕೆ ತೆರಿಗೆ ಕಟ್ಟಬಾರದೆಂದು ಹೊರಟವರು ಹೊರಡುವ ಬಾಗಿಲಲ್ಲೇ ದೊಡ್ಡ ಮೊತ್ತವನ್ನು ಅದೇ ಖಜಾನೆಗೆ ಸುರಿಯಬೇಕಾದ ಸ್ಥಿತಿ ಇದು. 2022ರ ವಸಂತದಲ್ಲಿ ಮಾರಾಟವು ನಷ್ಟವನ್ನು ಕಡಿಮೆ ಮಾಡುವ ದಾರಿಯಾಗಿತ್ತು. 2024ರ ಕೊನೆಯ ಹೊತ್ತಿಗೆ ಅದು ಲೆಕ್ಕದಲ್ಲಿ ಎಲ್ಲವನ್ನೂ ಬಿಟ್ಟುಹೋಗುವುದಕ್ಕೆ ಬಹಳ ಹತ್ತಿರ ಬಂದಿತ್ತು.

ಎರಡನೆಯದು ಕೊಳ್ಳುವವನು ಯಾರೆಂಬುದು. ಪೊಟಾನಿನ್ ಅವರ ಮೇಲೆ ಬ್ರಿಟನ್ 2022ರ ಜೂನ್ ಕೊನೆಯಲ್ಲಿ ನಿರ್ಬಂಧ ಹೇರಿತು. ರಾಸ್‌ಬ್ಯಾಂಕ್ ಮಾರಾಟ ಆಗ ಮುಗಿದು ಹೆಚ್ಚೆಂದರೆ ಆರು ವಾರವಾಗಿತ್ತು. ಮಾತುಕತೆಯ ದಿನ ನಿರ್ಬಂಧದ ಪಟ್ಟಿಯಲ್ಲಿಲ್ಲದ ಖರೀದಿದಾರ ಹಣ ಕೈಸೇರುವ ದಿನ ಆ ಪಟ್ಟಿಯಲ್ಲಿ ಇರಬಹುದು. ಮೆಕ್‌ಡೊನಾಲ್ಡ್ಸ್ ಆರಿಸಿಕೊಂಡ ಅಲೆಕ್ಸಾಂಡರ್ ಗೊವೊರ್ ಅವರು ಸೈಬೀರಿಯಾದಲ್ಲಿ ಅದೇ ಕಂಪನಿಯ 25 ರೆಸ್ಟೋರೆಂಟ್‌ಗಳನ್ನು ಲೈಸೆನ್ಸ್ ಪಡೆದು ನಡೆಸುತ್ತಿದ್ದವರು. ಕೆಲಸ ಬಲ್ಲವರು, ನೌಕರರನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಲು ಒಪ್ಪಿದವರು. ಜೂನ್ 12ರಂದು ಅದೇ ಅಡುಗೆಮನೆಗಳು ‘ವ್ಕುಸ್ನೊ ಇ ತೊಚ್ಕಾ’ ಎಂಬ ಹೊಸ ಹೆಸರಿನಲ್ಲಿ ತೆರೆದವು. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೊದಲ ಬಾರಿಗೆ ತೆರೆದಾಗ ಮೈಲುದ್ದದ ಸರದಿ ಕಂಡಿದ್ದ ಅಂಗಡಿಯೂ ಅದರಲ್ಲಿ ಸೇರಿತ್ತು. ಹೆಸರು ಬದಲಾಯಿತು, ಸಂಬಳ ನಿಲ್ಲಲಿಲ್ಲ. ಈ ಮಾರಾಟವನ್ನು ಒಳ್ಳೆಯದೆನ್ನುವವರೂ ಕೆಟ್ಟದೆನ್ನುವವರೂ ತೋರಿಸುವುದು ಇದೇ ಸಂಗತಿಯನ್ನು.

ಕಾರು ತಯಾರಿಕೆಯಲ್ಲಿ ಇಷ್ಟು ಸರಳವಾದ ಖರೀದಿದಾರ ಸಿಗಲಿಲ್ಲ. ಫ್ರಾನ್ಸಿನ ರೆನೊ ಕಂಪನಿಯು ರಷ್ಯಾದ ಕಾರು ತಯಾರಕ ಅವ್ಟೊವಾಝ್‌ನಲ್ಲಿದ್ದ ಸುಮಾರು ಶೇ 68ರಷ್ಟು ಪಾಲನ್ನು ರಷ್ಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ನಾಮಿಗೂ, ಮಾಸ್ಕೋದ ಕಾರ್ಖಾನೆಯನ್ನು ಆ ನಗರದ ಆಡಳಿತಕ್ಕೂ 2022ರ ಮೇ ತಿಂಗಳಲ್ಲಿ ಹೆಸರಿಗಷ್ಟೇ ಬೆಲೆ ಕಟ್ಟಿ ಒಪ್ಪಿಸಿತು. ಸುಮಾರು 220 ಕೋಟಿ ಯೂರೊ ಮೌಲ್ಯವನ್ನು ತನ್ನ ಪುಸ್ತಕದಿಂದ ಕಳೆಯಿತು. ನಿಸಾನ್ ತನ್ನ ರಷ್ಯಾದ ವ್ಯವಹಾರವನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಯೂರೊಗೆ ನಾಮಿಗೇ ಮಾರಿತು. ಮಾಸ್ಕೋದ ಕಾರ್ಖಾನೆಯಲ್ಲಿ ಸೋವಿಯತ್ ಕಾಲದ ‘ಮಾಸ್ಕ್ವಿಚ್’ ಎಂಬ ಹೆಸರು ಮತ್ತೆ ಎದ್ದು ಬಂತು, ಆದರೆ ಆ ಹೆಸರಿನಡಿ ಜೋಡಣೆಯಾದದ್ದು ಚೀನಾದ ಜೆಎಸಿ ಕಂಪನಿಯ ವಿನ್ಯಾಸದ ಕಾರು. ದೊಡ್ಡ ಯಂತ್ರಗಳುಳ್ಳ ಕಾರ್ಖಾನೆಯನ್ನು ಮಾರುವವರು ನೆನಪಿಡಬೇಕಾದ ವಿಷಯವೆಂದರೆ, ಖಾಲಿಯಾದ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಹಾಗೆಂದು ಅಲ್ಲಿ ಬರುವುದು ಹಿಂದಿನದಕ್ಕೆ ಸಮನಾಗಿಯೂ ಇರುವುದಿಲ್ಲ. ‘ನಾವು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ, ಬಿಟ್ಟು ಏನು ಪ್ರಯೋಜನ’ ಎನ್ನುವವರು ಇದರ ಮೊದಲರ್ಧವನ್ನು ಮಾತ್ರ ನೋಡುತ್ತಾರೆ.

ಮೂರನೆಯದು ಮರುಖರೀದಿಯ ಹಕ್ಕು. ಮೆಕ್‌ಡೊನಾಲ್ಡ್ಸ್ 15 ವರ್ಷಗಳ, ರೆನೊ ಮತ್ತು ನಿಸಾನ್ ತಲಾ ಆರು ವರ್ಷಗಳ ಮರುಖರೀದಿ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡವು. ಷೇರುದಾರರ ದೃಷ್ಟಿಯಿಂದ ಇದು ಸಹಜ: ಒಂದು ಯೂರೊಗೆ ಮಾರಿದ ಕಾರ್ಖಾನೆಯನ್ನು ಶಾಂತಿ ಬಂದ ಮೇಲೆ ಮರಳಿ ಕೇಳುವ ಅವಕಾಶವನ್ನೂ ಬಿಟ್ಟುಕೊಟ್ಟರೆ ನಿರ್ದೇಶಕರು ಉತ್ತರ ಹೇಳಬೇಕಾಗುತ್ತದೆ. ಆದರೆ ಹಕ್ಕಿನ ಬೆಲೆ ಅದನ್ನು ಜಾರಿಗೊಳಿಸುವ ನ್ಯಾಯಾಲಯದಷ್ಟೇ. ಆ ಹಕ್ಕು ಚಲಾಯಿಸಬೇಕಾದ ದಿನ ಒಪ್ಪಿಗೆ ಕೊಡಬೇಕಾದವರು ಇಂದು ಬೆಲೆಯನ್ನು ಅರ್ಧಕ್ಕಿಳಿಸಿದವರೇ ಆಗಿರಬಹುದು. ನನ್ನ ಮಟ್ಟಿಗೆ ಇದನ್ನು ಆಸ್ತಿ ಎಂದು ಎಣಿಸದೆ, ಬೆಲೆಯಿಲ್ಲದ ಒಂದು ಚೀಟಿ ಎಂದು ಕಡತದಲ್ಲಿಟ್ಟುಕೊಳ್ಳುವುದು ವಾಸಿ. ಅದಕ್ಕಾಗಿ ಬೇರೆ ಯಾವ ಷರತ್ತನ್ನಾದರೂ, ಮುಖ್ಯವಾಗಿ ನೌಕರರ ರಕ್ಷಣೆಯ ಷರತ್ತನ್ನು, ಸಡಿಲಿಸಿದ್ದರೆ ವ್ಯಾಪಾರ ಕೆಟ್ಟಿತೆಂದೇ ಅರ್ಥ. ಬಿಯರ್ ಕಂಪನಿ ಹೈನೆಕೆನ್ ಇದಕ್ಕೆ ಎದುರಾದ ಮಾದರಿ: 2022ರ ಮಾರ್ಚಿನಲ್ಲಿ ಹೊರಡುವುದಾಗಿ ಹೇಳಿ, 2023ರ ಆಗಸ್ಟ್‌ನಲ್ಲಿ ಏಳು ಬ್ರೂವರಿಗಳನ್ನು ಆರ್ನೆಸ್ಟ್ ಎಂಬ ರಷ್ಯನ್ ಗುಂಪಿಗೆ ಒಂದು ಯೂರೊಗೆ ಕೊಟ್ಟು, 30 ಕೋಟಿ ಯೂರೊ ನಷ್ಟ ಒಪ್ಪಿಕೊಂಡು, ಸುಮಾರು 1,800 ನೌಕರರಿಗೆ ಮೂರು ವರ್ಷಗಳ ಉದ್ಯೋಗದ ಭರವಸೆಯನ್ನು ಒಪ್ಪಂದದಲ್ಲಿ ಬರೆಸಿತು. ತಡವಾಯಿತು ಎಂಬ ಟೀಕೆಗೆ ಅದು ಗುರಿಯಾದದ್ದು ನ್ಯಾಯವೇ; ಕೊನೆಗೆ ಮಾಡಿದ ರೀತಿ ಮಾತ್ರ ಸ್ವಚ್ಛವಾಗಿತ್ತು.

ಘೋಷಣೆಗೂ ಸಹಿಗೂ ನಡುವಿನ ದಿನಗಳು

ಮಾರಾಟದ ದಾರಿಯಲ್ಲಿ ಅತ್ಯಂತ ಅಪಾಯದ ಅವಧಿ ಇದು ಎಂಬುದು 2023ರ ಜುಲೈ 16ರಂದು ಸ್ಪಷ್ಟವಾಯಿತು. ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್ ರಷ್ಯಾದಲ್ಲಿದ್ದ ತನ್ನ ಬಾಲ್ಟಿಕಾ ಬ್ರೂವರಿಗಳನ್ನು ಮಾರಲು ಒಪ್ಪಂದ ಮಾಡಿಕೊಂಡಿದ್ದಾಗಿ ಜೂನ್‌ನಲ್ಲಷ್ಟೇ ತಿಳಿಸಿತ್ತು. ಫ್ರಾನ್ಸಿನ ಡ್ಯಾನೋನ್ ಅಲ್ಲಿನ ತನ್ನ ಡೇರಿ ವ್ಯವಹಾರವನ್ನು ಬಿಡುವುದಾಗಿ ಹಿಂದಿನ ವರ್ಷವೇ ಹೇಳಿತ್ತು. ಅಂದು ಬಂದ ಆದೇಶವೊಂದರಿಂದ ಎರಡೂ ರಷ್ಯಾದ ಸರ್ಕಾರಿ ಆಸ್ತಿ ಸಂಸ್ಥೆಯ ‘ತಾತ್ಕಾಲಿಕ ಆಡಳಿತ’ಕ್ಕೆ ಒಳಪಟ್ಟವು. ಬಾಲ್ಟಿಕಾದ ಚುಕ್ಕಾಣಿ ಅದನ್ನು 1990ರ ದಶಕದಲ್ಲಿ ನಡೆಸಿದ್ದ ತೈಮುರಾಝ್ ಬೊಲ್ಲೊಯೆವ್ ಅವರಿಗೂ, ಡ್ಯಾನೋನ್‌ನ ಘಟಕ ಚೆಚೆನ್ಯಾದ ಮುಖ್ಯಸ್ಥ ರಮ್ಜಾನ್ ಕದಿರೊವ್ ಅವರ ಬಂಧು ಯಾಕುಬ್ ಝಕ್ರಿಯೆವ್ ಅವರಿಗೂ ಹೋಯಿತು. ಡ್ಯಾನೋನ್ 2024ರಲ್ಲಿ, ಕಾರ್ಲ್ಸ್‌ಬರ್ಗ್ ಅದೇ ವರ್ಷದ ಡಿಸೆಂಬರಿನಲ್ಲಿ ಕೊನೆಗೂ ಮಾರಿ ಹೊರಬಂದವು.

ಇದರಿಂದ ತಿಳಿಯುವುದು ‘ಘೋಷಿಸಬೇಡಿ’ ಎಂದಲ್ಲ. ಘೋಷಿಸುವ ಮೊದಲು ಏನೇನು ಹೊರಗೆ ಬಂದಿರಬೇಕು ಎಂಬ ಪಟ್ಟಿ ಮುಗಿದಿರಬೇಕು ಎಂದು. ತಯಾರಿಕೆಯ ಸೂತ್ರಗಳು, ಟ್ರೇಡ್‌ಮಾರ್ಕ್ ಲೈಸೆನ್ಸ್‌ಗಳು, ಗ್ರಾಹಕರ ಮಾಹಿತಿ ಇರುವ ಸರ್ವರ್‌ಗಳು, ವಿದೇಶಿ ಸಿಬ್ಬಂದಿ – ಇವು ಮೊದಲು. ಪತ್ರಿಕಾ ಹೇಳಿಕೆ ಆಮೇಲೆ.

ಎಲ್ಲವನ್ನೂ ಬಿಟ್ಟು ಹೊರಡುವುದು

ಬಿಪಿ 2022ರ ಮೊದಲ ತ್ರೈಮಾಸಿಕದಲ್ಲಿ ರಷ್ಯಾದ ಪಾಲಿಗಾಗಿ ಸುಮಾರು 2,400 ಕೋಟಿ ಡಾಲರ್ ನಷ್ಟವನ್ನು ಪುಸ್ತಕದಲ್ಲಿ ತೋರಿಸಿತು. ಸಂಖ್ಯೆ ಕಣ್ಣು ಕುಕ್ಕುತ್ತದೆ, ಆದರೆ ಅದರಲ್ಲಿ ಬಹುಪಾಲು ನಗದು ಹೊರಗೆ ಹೋದದ್ದಲ್ಲ, ಪಾಲಿಗೆ ಇದ್ದ ಮೌಲ್ಯವನ್ನು ಅಳಿಸಿದ್ದು. ಲೆಕ್ಕದಲ್ಲಿ ಅಳಿಸಿದರೆ ಒಡೆತನ ಅಳಿಯುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು: ಷೇರುಗಳು ಹೆಸರಿನಲ್ಲೇ ಉಳಿಯುತ್ತವೆ, ಅವುಗಳ ಲಾಭಾಂಶ ಅಲ್ಲಿನ ಬ್ಯಾಂಕಿನಲ್ಲಿ ನಿರ್ಬಂಧಿತ ಖಾತೆಯಲ್ಲಿ ಕೂರುತ್ತದೆ. ಮೌಲ್ಯವನ್ನು ಸೊನ್ನೆ ಮಾಡಿದ ಕಂಪನಿ ‘ಹೊರಬಂದೆವು’ ಎಂದರೆ ಷೇರು ದಾಖಲೆಯನ್ನು ತೋರಿಸಲು ಕೇಳುವ ಹಕ್ಕು ಹೂಡಿಕೆದಾರರಿಗೆ ಇದೆ.

ಎಕ್ಸಾನ್‌ಮೊಬಿಲ್ ಇನ್ನೊಂದು ರೀತಿಯಲ್ಲಿ ಬಿಟ್ಟಿತು. ರಷ್ಯಾದ ಪೂರ್ವ ತುದಿಯ ಸಖಾಲಿನ್ ದ್ವೀಪದ ಬಳಿಯ ಸಖಾಲಿನ್–1 ತೈಲ ಯೋಜನೆಯಲ್ಲಿ ಶೇ 30ರಷ್ಟು ಪಾಲಿದ್ದ ಅದು ಅದರ ನಿರ್ವಾಹಕನೂ ಆಗಿತ್ತು; ಬಾವಿಗಳನ್ನೂ ಕಾರ್ಮಿಕರನ್ನೂ ಸುರಕ್ಷಿತ ಸ್ಥಿತಿಯಲ್ಲಿ ಬಿಟ್ಟುಕೊಡಬೇಕಾದ ಹೊಣೆ ಇತ್ತು. 2022ರ ಅಕ್ಟೋಬರಿನಲ್ಲಿ ರಷ್ಯಾ ಆ ಯೋಜನೆಯನ್ನು ಹೊಸ ನಿರ್ವಾಹಕನಿಗೆ ವರ್ಗಾಯಿಸಿದಾಗ ಎಕ್ಸಾನ್ ಬರಿಗೈಯಲ್ಲಿ ಹೊರಬಂತು. ಅದೇ ಯೋಜನೆಯಲ್ಲಿ ಭಾರತದ ಒಎನ್‌ಜಿಸಿ ವಿದೇಶ್ ತನ್ನ ಶೇ 20ರ ಪಾಲನ್ನು ಉಳಿಸಿಕೊಂಡಿತು. ಪಕ್ಕದ ಸಖಾಲಿನ್–2ರಲ್ಲಿ ಶೆಲ್ ಹೊಸ ಸಂಸ್ಥೆಯಲ್ಲಿ ಪಾಲು ಬೇಡವೆಂದರೆ, ಜಪಾನಿನ ಮಿತ್ಸುಯಿ ಮತ್ತು ಮಿತ್ಸುಬಿಷಿ ತಮ್ಮ ದೇಶಕ್ಕೆ ಬರುವ ಅನಿಲದ ಕಾರಣಕ್ಕೆ ಉಳಿದುಕೊಂಡವು. ಒಂದೇ ಸಮುದ್ರದ ಅದೇ ಬಾವಿಗಳ ವಿಷಯದಲ್ಲಿ ಪಾಲುದಾರರ ಸರ್ಕಾರಗಳ ಅಗತ್ಯಗಳೇ ಬೇರೆಯಾದ್ದರಿಂದ ಉತ್ತರವೂ ಬೇರೆಯಾಯಿತು. ನೈಸರ್ಗಿಕ ಸಂಪತ್ತಿನ ಕ್ಷೇತ್ರದಲ್ಲಿ ಕಂಪನಿ ಒಂಟಿಯಾಗಿ ನಿರ್ಧರಿಸುತ್ತದೆ ಎಂದು ಭಾವಿಸುವುದು ಭ್ರಮೆ.

ಬಿಟ್ಟು ಹೊರಡುವವರಿಗೆ ಒಂದು ಸಣ್ಣ ಎಚ್ಚರಿಕೆ. ಸಖಾಲಿನ್ ಬಿಡುತ್ತೇವೆಂದ ನಾಲ್ಕೈದು ದಿನಗಳಲ್ಲೇ ಶೆಲ್‌ನ ವ್ಯಾಪಾರ ವಿಭಾಗ ಭಾರಿ ರಿಯಾಯಿತಿಗೆ ಒಂದು ಹಡಗು ರಷ್ಯನ್ ಕಚ್ಚಾತೈಲ ಕೊಂಡಿತು. ಮಾರ್ಚ್ 8ರಂದು ಕಂಪನಿ ಕ್ಷಮೆ ಕೇಳಿತು. ಮಂಡಳಿಯ ನಿರ್ಣಯ ಖರೀದಿ ವಿಭಾಗದ ಮೇಜಿಗೆ ಅದೇ ದಿನ ತಲುಪದಿದ್ದರೆ ಹೀಗಾಗುತ್ತದೆ.

ಉಳಿಯುವುದು

ಉಳಿದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ. ಔಷಧ, ಆಸ್ಪತ್ರೆಯ ಉಪಕರಣ, ಶಿಶು ಆಹಾರ – ಇವನ್ನು ನಿಲ್ಲಿಸಿದರೆ ಪೆಟ್ಟು ಬೀಳುವುದು ಯುದ್ಧ ನಿರ್ಧರಿಸಿದವರಿಗಲ್ಲ. ಆದರೆ ಈ ವಾದ ಸರಕಿಗೆ ಅನ್ವಯಿಸುತ್ತದೆ, ಕಂಪನಿಗೆ ಅನ್ವಯಿಸುವುದಿಲ್ಲ. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ 2022ರ ಮಾರ್ಚಿನಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸೇರಿದ್ದ ಜನರನ್ನು ಉದ್ದೇಶಿಸಿ ಮಾತನಾಡುತ್ತಾ ಸ್ವಿಟ್ಜರ್ಲೆಂಡಿನದೇ ಆದ ನೆಸ್ಲೆಯನ್ನು ಹೆಸರಿಸಿ ಟೀಕಿಸಿದ ಕೆಲವೇ ದಿನಗಳಲ್ಲಿ ಆ ಕಂಪನಿ ಕಿಟ್‌ಕ್ಯಾಟ್, ನೆಸ್‌ಕ್ವಿಕ್‌ನಂಥ ಬ್ರ್ಯಾಂಡ್‌ಗಳನ್ನು ನಿಲ್ಲಿಸಿ, ಶಿಶು ಆಹಾರ ಮತ್ತು ವೈದ್ಯಕೀಯ ಪೋಷಣೆಯ ಸರಕುಗಳನ್ನು ಮುಂದುವರಿಸುವುದಾಗಿ ಹೇಳಿತು. ಚಾಕೊಲೇಟನ್ನು ಹಸುಗೂಸಿನ ಹಾಲಿನ ಪುಡಿಯ ಹಿಂದೆ ಬಚ್ಚಿಡಲಾಗದು ಎಂಬ ಗೆರೆ ಹಾಗೆ ಬಿತ್ತು. ಉಳಿಯುವ ಕಂಪನಿ ತನ್ನ ಸರಕುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಪ್ರತಿಯೊಂದಕ್ಕೂ ಕಾರಣ ಬರೆಯಲು ಸಾಧ್ಯವಾದರೆ ಮಾತ್ರ ‘ಅಗತ್ಯ ವಸ್ತು’ ಎಂಬ ಮಾತನ್ನು ಬಳಸಬೇಕು.

ಸಿಕ್ಕಿಕೊಂಡು ಉಳಿದವರ ಕತೆ ಬೇರೆ. ಆಸ್ಟ್ರಿಯಾದ ರೈಫೈಸನ್ ಬ್ಯಾಂಕ್ ಗುಂಪಿನ 2022ರ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾದಿಂದ ಬಂತು, ಆದರೆ ಅದನ್ನು ವಿಯೆನ್ನಾಕ್ಕೆ ತರಲಾಗಲಿಲ್ಲ. ಮಾರುವ ಯತ್ನಗಳು ಫಲಿಸಲಿಲ್ಲ, ಯುರೋಪಿನ ಕೇಂದ್ರೀಯ ಬ್ಯಾಂಕ್ ವ್ಯವಹಾರ ಕುಗ್ಗಿಸಲು ಒತ್ತಡ ಹಾಕಿತು, ಕೊನೆಗೆ 2025ರ ಜನವರಿಯಲ್ಲಿ ಕಲಿನಿನ್‌ಗ್ರಾಡ್‌ನ ನ್ಯಾಯಾಲಯವೊಂದು ಅದರ ರಷ್ಯನ್ ಘಟಕ 200 ಕೋಟಿ ಯೂರೊಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. ಕಾಗದದ ಲಾಭವನ್ನು ನೋಡಿ ತಡಮಾಡಿದರೆ ಆ ಲಾಭವೇ ಮುಂದೆ ಬೇರೆಯವರಿಗೆ ವಸೂಲಿಯ ಮೂಲವಾಗಬಹುದು.

ಉಳಿಯುವವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ವೆಚ್ಚ ನೌಕರರದ್ದು. 2022ರ ಸೆಪ್ಟೆಂಬರ್ 21ರ ‘ಭಾಗಶಃ ಸೇನಾ ಸಂಚಲನೆ’ಯ ಆದೇಶದ ನಂತರ, ಸೇನೆಗೆ ಸೇರಬೇಕೆಂಬ ಕರೆಪತ್ರಗಳನ್ನು ನೌಕರರಿಗೆ ತಲುಪಿಸುವಂಥ ಕೆಲಸಗಳಲ್ಲಿ ಕಂಪನಿಗಳು ಸೇನಾ ಕಚೇರಿಗಳಿಗೆ ಸಹಕರಿಸಬೇಕಾದ ಕಾನೂನು ಹೊಣೆ ಎದುರಾಯಿತು. ರಷ್ಯನ್ ನೌಕರರಿಗೆ ಕರೆ ಬಂದರೆ ಅಲ್ಲಿನ ಕಾನೂನನ್ನು ಪಾಲಿಸುವುದಾಗಿ ಯೂನಿಲಿವರ್ 2023ರಲ್ಲಿ ಒಪ್ಪಿಕೊಂಡಾಗ ಗದ್ದಲವೆದ್ದಿತು. ಅದು ಪ್ರಾಮಾಣಿಕವಾದ ಉತ್ತರವೇ. ಉಳಿದ ಯಾವ ಕಂಪನಿಗೂ ಬೇರೆ ಉತ್ತರ ಇರಲಿಲ್ಲ. ಯೂನಿಲಿವರ್ 2024ರ ಅಕ್ಟೋಬರಿನಲ್ಲಿ ಮಾರಿ ಹೊರಬಂತು, ಅದರ ರಷ್ಯನ್ ಘಟಕವನ್ನು ಕೊಂಡದ್ದು ಹೈನೆಕೆನ್‌ನ ಬ್ರೂವರಿಗಳನ್ನು ಕೊಂಡ ಅದೇ ಆರ್ನೆಸ್ಟ್.

ಹೊರಡುವುದೇ ಹಾನಿಯಾದಾಗ

ರಷ್ಯಾದ ಉದಾಹರಣೆಗಳನ್ನಷ್ಟೇ ನೋಡಿದರೆ ಬೇಗ ಹೊರಟವನೇ ಗೆದ್ದ ಎನಿಸಬಹುದು. ಮ್ಯಾನ್ಮಾರ್ ಅದನ್ನು ತಿದ್ದುತ್ತದೆ. 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡು ತನ್ನ ಜನರ ಮೇಲೆಯೇ ಯುದ್ಧ ಹೂಡಿದ ಮೇಲೆ, ಅಲ್ಲಿ ಸುಮಾರು 1.8 ಕೋಟಿ ಗ್ರಾಹಕರಿದ್ದ ನಾರ್ವೆಯ ಟೆಲೆನಾರ್ ಮೊಬೈಲ್ ಕಂಪನಿ ತನ್ನ ಮ್ಯಾನ್ಮಾರ್ ಘಟಕವನ್ನು ಅದೇ ವರ್ಷದ ಜುಲೈನಲ್ಲಿ ಲೆಬನಾನಿನ ಎಂ1 ಗುಂಪಿಗೆ 10.5 ಕೋಟಿ ಡಾಲರ್‌ಗೆ ಮಾರುವುದಾಗಿ ಹೇಳಿತು. ಕರೆಗಳನ್ನು ಕದ್ದು ಕೇಳುವ ಉಪಕರಣವನ್ನು ಚಾಲೂ ಮಾಡಬೇಕೆಂಬ ಒತ್ತಡಕ್ಕೆ ಮಣಿಯಲಾಗದು ಎಂಬುದು ಅದರ ಕಾರಣ. ಕಾರಣ ಗೌರವಯುತವಾದದ್ದೇ. ಆದರೆ 2022ರ ಮಾರ್ಚಿನಲ್ಲಿ ಮಾರಾಟ ಮುಗಿಯುವಾಗ ಬಹುಪಾಲು ಒಡೆತನ ಶ್ವೆ ಬ್ಯಾಯಿನ್ ಫ್ಯು ಎಂಬ ಸ್ಥಳೀಯ ಗುಂಪಿಗೆ ಸೇರುವ ಏರ್ಪಾಡಾಗಿತ್ತು, ಮತ್ತು ಯಾರು ಯಾರಿಗೆ ಕರೆ ಮಾಡಿದರು ಎಂಬ ದಾಖಲೆಗಳೆಲ್ಲ ಕಂಪನಿಯ ಜೊತೆಗೇ ಕೈಬದಲಾದವು. ನೂರಾರು ನಾಗರಿಕ ಸಂಘಟನೆಗಳ ಪರವಾಗಿ ನಾರ್ವೆಯಲ್ಲಿ ದೂರು ದಾಖಲಾದದ್ದು ಕಂಪನಿ ಉಳಿದದ್ದಕ್ಕಲ್ಲ, ಹೊರಟ ರೀತಿಗೆ.

ಜಪಾನಿನ ಕಿರಿನ್ ಬಿಯರ್ ಕಂಪನಿ ಮ್ಯಾನ್ಮಾರ್‌ನ ಬ್ರೂವರಿಯಲ್ಲಿ ಸೇನೆಯದೇ ಸಂಸ್ಥೆಯೊಂದಿಗಿನ ಪಾಲುದಾರಿಕೆಯನ್ನು ಮುರಿಯುವುದಾಗಿ ಕ್ಷಿಪ್ರಕ್ರಾಂತಿಯಾದ ವಾರದೊಳಗೆ ಹೇಳಿತು. ಮುಗಿದದ್ದು 2023ರ ಜನವರಿಯಲ್ಲಿ, ಅದೂ ತನ್ನ ಪಾಲನ್ನು ಅದೇ ಬ್ರೂವರಿಗೆ ಮರಳಿ ಮಾರುವ ಮೂಲಕ. ಪಾಲುದಾರನೇ ಸೇನೆಯಾಗಿದ್ದರೆ ಹೊರಡುವ ಬಾಗಿಲಿನ ಕೀಲಿಯೂ ಅದರ ಕೈಯಲ್ಲೇ ಇರುತ್ತದೆ; ಆ ಪಾಲುದಾರಿಕೆಗೆ ಸಹಿ ಹಾಕುವ ದಿನ ಇದನ್ನು ಯೋಚಿಸಬೇಕಿತ್ತು.

ಹಳೆಯದೊಂದು ಹೋಲಿಕೆಯನ್ನೂ ಇಲ್ಲಿಡಬಹುದು. ವರ್ಣಭೇದದ ಆಡಳಿತವಿದ್ದು ಅಂಗೋಲದಲ್ಲಿಯೂ ಸೇನೆಯನ್ನಿಟ್ಟಿದ್ದ ದಕ್ಷಿಣ ಆಫ್ರಿಕಾದಿಂದ 1986ರಲ್ಲಿ ಜನರಲ್ ಮೋಟರ್ಸ್ ಹೊರಟಾಗ, ಕಾರ್ಖಾನೆಯನ್ನು ಸ್ಥಳೀಯ ವ್ಯವಸ್ಥಾಪಕರಿಗೆ ಮಾರಿ ಬಿಡಿಭಾಗಗಳ ಪೂರೈಕೆಯನ್ನೂ ಲೈಸೆನ್ಸನ್ನೂ ಮುಂದುವರಿಸಿತು. ಡೆಲ್ಟಾ ಎಂಬ ಹೆಸರಿನಲ್ಲಿ ಕಾರುಗಳು ಬರುತ್ತಲೇ ಇದ್ದವು. ಅದೇ ವರ್ಷ ಕೊಡಾಕ್ ವ್ಯವಹಾರ ಮುಚ್ಚಿದ್ದಲ್ಲದೆ, ತನ್ನ ಯಾವ ಘಟಕವೂ ಆ ದೇಶಕ್ಕೆ ಸರಕು ಕಳುಹಿಸಕೂಡದೆಂದೂ ಆಜ್ಞೆ ಮಾಡಿತು. ಪೋರ್ಟ್ ಎಲಿಝಬೆತ್‌ನ ಜನರಲ್ ಮೋಟರ್ಸ್ ಕಾರ್ಮಿಕರು ಆಗ ಮುಷ್ಕರ ಹೂಡಿದರು. ಅವರು ಕೇಳಿದ್ದು ಕಂಪನಿ ಹೋಗಬಾರದೆಂದಲ್ಲ, ಹೋಗುವಾಗ ತಮಗೆ ಪರಿಹಾರ ಸಿಗಬೇಕು, ಹೊಸ ಮಂಡಳಿಯಲ್ಲಿ ತಮ್ಮ ದನಿ ಇರಬೇಕು ಎಂದು.

ಯಾರಿಗೆ ಯಾವ ದಾರಿ

ಬಾಡಿಗೆ ಮಳಿಗೆಗಳಲ್ಲಿ ಸರಕು ಮಾರುವ ಕಂಪನಿಗೆ ಬೇಗನೆ ಮಾರಿ ಹೊರಡುವುದು, ಹೆಸರನ್ನು ಹಿಂತೆಗೆದುಕೊಳ್ಳುವುದು ಸೂಕ್ತ. ಅದರ ನಿಜವಾದ ಆಸ್ತಿ ಬ್ರ್ಯಾಂಡ್, ಅದು ಆ ದೇಶದಲ್ಲಿಲ್ಲ. ಸಾಫ್ಟ್‌ವೇರ್ ಮತ್ತು ಸೇವೆಗಳ ಕಂಪನಿಗಳಿಗೆ ಇನ್ನೂ ಸುಲಭ: ಇನ್ಫೊಸಿಸ್ 2022ರ ಏಪ್ರಿಲ್‌ನಲ್ಲಿ ರಷ್ಯಾದ ಕೆಲಸವನ್ನು ಬೇರೆಡೆಗೆ ಸಾಗಿಸುವುದಾಗಿ ಹೇಳಿದಾಗ ಅಲ್ಲಿದ್ದ ಅದರ ನೌಕರರು ನೂರಕ್ಕಿಂತ ಕಡಿಮೆ. ಆ ಸುಲಭತೆಯೇ ತಡಮಾಡಿದವರಿಗೆ ನೆಪ ಉಳಿಯದಂತೆ ಮಾಡುತ್ತದೆ. ದೊಡ್ಡ ಕಾರ್ಖಾನೆಯುಳ್ಳವರು ಮಾರಾಟದ ಬೆಲೆಯ ಆಸೆ ಬಿಟ್ಟು, ನೌಕರರ ಭರವಸೆ, ಯಂತ್ರಗಳ ಬಳಕೆಯ ಮಿತಿ, ಹೆಸರಿನ ಹಕ್ಕು – ಇವಕ್ಕಾಗಿ ಚೌಕಾಸಿ ಮಾಡಬೇಕು. ಬ್ಯಾಂಕುಗಳಿಗೆ ಮೊದಲ ಮೂರು ತಿಂಗಳೇ ಎಲ್ಲ. ದೂರಸಂಪರ್ಕದಂತೆ ಜನರ ಮಾಹಿತಿ ಹಿಡಿದಿರುವವರು ಆ ಮಾಹಿತಿಯ ಗತಿಯನ್ನು ನಿರ್ಧರಿಸದೆ ಖರೀದಿದಾರನ ಜೊತೆ ಮಾತಿಗೇ ಕೂರಬಾರದು. ಔಷಧದವರು ಉಳಿಯಬಹುದು, ಆದರೆ ಸೌಂದರ್ಯವರ್ಧಕಗಳ ವಿಭಾಗವನ್ನು ಅದರ ನೆರಳಲ್ಲಿ ನಿಲ್ಲಿಸದೆ.

ಯಾವ ದಾರಿ ಹಿಡಿದರೂ ಒಪ್ಪಂದದಲ್ಲಿ ಒಂದು ಷರತ್ತು ಉಳಿದಿರುತ್ತದೆ, ಅದು ವಿತರಕರದು. 2022ರ ವಸಂತದಲ್ಲಿ ರಷ್ಯಾ ‘ಸಮಾನಾಂತರ ಆಮದ’ನ್ನು ಕಾನೂನುಬದ್ಧಗೊಳಿಸಿತು, ಟ್ರೇಡ್‌ಮಾರ್ಕ್ ಮಾಲೀಕನ ಒಪ್ಪಿಗೆ ಇಲ್ಲದೆಯೇ ಮೂರನೆಯ ದೇಶಗಳ ಮೂಲಕ ಸರಕು ತರಬಹುದಾಯಿತು. ಹೊರಬಂದ ಕಂಪನಿಗಳ ಸರಕು ಹಾಗೆ ಅದೇ ಕಪಾಟುಗಳಿಗೆ ಮರಳಿತು. ಯುರೋಪಿನ ಒಕ್ಕೂಟ 2023ರ ಡಿಸೆಂಬರಿನ ನಿರ್ಬಂಧಗಳಲ್ಲಿ ಕೆಲವು ಸೂಕ್ಷ್ಮ ಸರಕುಗಳಿಗೆ, ರಷ್ಯಾಕ್ಕೆ ಮರುರಫ್ತು ಮಾಡಕೂಡದೆಂಬ ವಾಕ್ಯವನ್ನು ಮಾರಾಟ ಒಪ್ಪಂದದಲ್ಲಿ ಸೇರಿಸುವುದನ್ನು ಕಡ್ಡಾಯ ಮಾಡಿತು. 2024ರ ಮಾರ್ಚ್ 20ರಿಂದ ಅದು ಜಾರಿಗೆ ಬಂತು. ಆ ಸರಕುಗಳ ಪಟ್ಟಿಯಲ್ಲಿ ಇಲ್ಲದ ಕಂಪನಿಯೂ ತನ್ನ ಎಲ್ಲ ವಿತರಕರ ಒಪ್ಪಂದಗಳಲ್ಲಿ ಅದೇ ವಾಕ್ಯವನ್ನು, ಮುರಿದರೆ ಏನು ದಂಡ ಎಂಬುದರ ಜೊತೆಗೆ, ಹೊರಡುವ ನಿರ್ಣಯಕ್ಕೆ ಸಹಿ ಹಾಕುವ ದಿನವೇ ಬರೆಸಿಕೊಳ್ಳುವುದು ಒಳ್ಳೆಯದು.